ನೀರಿಗಿಳಿಯದೆ ಈಜು ಬಾರದು

ಮಕ್ಕಳು ಕ್ಷೇಮವಾಗಿರಲೆಂದು ಹಾರೈಸದ ತಾಯಿತಂದೆಗಳು ಲೋಕದಲ್ಲಿಲ್ಲ. ಆದರೆ ಕ್ಷೇಮವೊಂದೇ ಬದುಕಿನ ಗುರಿಯಾದಾಗ ಬದುಕು ಬೆಳೆಯುವುದನ್ನು ನಿಲ್ಲಿಸುತ್ತದೆ ಎಂಬ ಸತ್ಯವನ್ನು ನಾವು ಬಹುಬೇಗ ಮರೆಯುತ್ತೇವೆ. ‘ಅಲ್ಲಿಗೆ ಹೋಗಬೇಡ, ಬಿದ್ದೀಯೆ, ಅದನ್ನು ಮುಟ್ಟಬೇಡ, ಕೆಡಿಸೀಯೆ, ಆ ದಾರಿ ನಮ್ಮಂಥವರಿಗಲ್ಲ’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ಕೇಳಿಬರುತ್ತವೆ. ಇವು ಪ್ರೀತಿಯಿಂದಲೇ ಹುಟ್ಟಿದ ಮಾತುಗಳು, ಸಂದೇಹವಿಲ್ಲ. ಆದರೆ ನಿತ್ಯವೂ ಇವನ್ನೇ ಕೇಳಿ ಬೆಳೆದ ಮಗು ಪ್ರಾಯಕ್ಕೆ ಬಂದು, ತನ್ನ ಕಾಲ ಮೇಲೆ ತಾನು ನಿಲ್ಲಬೇಕಾದ ಗಳಿಗೆಯಲ್ಲಿ ಹಿಂಜರಿದರೆ, ಆ ಹಿಂಜರಿಕೆಯನ್ನು ಕಲಿಸಿದವರು ಯಾರು?

ಸಾಹಸವೆಂದೊಡನೆ ಹಿರಿಯರು ಹೆದರುವುದಕ್ಕೆ ಕಾರಣವಿಲ್ಲದಿಲ್ಲ. ಪ್ರಾಚೀನ ಧರ್ಮಶಾಸ್ತ್ರ ಗ್ರಂಥಗಳಲ್ಲಿ ಬಲಾತ್ಕಾರದಿಂದ ಎಸಗಿದ ಅಪರಾಧಗಳಿಗೆ ‘ಸಾಹಸ’ವೆಂದೇ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಆ ಪದಕ್ಕೆ ಅದೇ ಅರ್ಥ. ಕಾಲಾಂತರದಲ್ಲಿ ಅದೇ ಪದವು ಮೆಚ್ಚುಗೆಯ ಮಾತಾಯಿತು. ವಿವೇಕವಿಲ್ಲದ ದುಡುಕಿಗೆ ‘ದುಸ್ಸಾಹಸ’ವೆಂಬ ಬೇರೆ ಹೆಸರು ಬಳಕೆಗೆ ಬಂದಿತು. ಹಾಗಾದರೆ ಸಾಹಸಕ್ಕೂ ದುಸ್ಸಾಹಸಕ್ಕೂ ಇರುವ ಅಂತರವೇನು? ಗೆದ್ದದ್ದು ಸಾಹಸ, ಸೋತದ್ದು ದುಸ್ಸಾಹಸ ಎಂದು ಫಲವನ್ನು ನೋಡಿ ಹೇಳುವವರು ಬಹಳ. ಆದರೆ ಎವರೆಸ್ಟ್ ಶಿಖರವನ್ನು ಮೊದಲು ಏರಿದವರ ಕಥೆಯನ್ನು ಪೂರ್ಣವಾಗಿ ಅರಿತರೆ ಈ ಉತ್ತರವು ಸರಿಯಲ್ಲವೆಂಬುದು ಮನವರಿಕೆಯಾಗುತ್ತದೆ.

1953ನೆಯ ಇಸವಿಯ ಮೇ 29ರಂದು ಬೆಳಿಗ್ಗೆ ಹನ್ನೊಂದೂವರೆಯ ವೇಳೆಗೆ ತೇನ್‌ಸಿಂಗ್ ನೋರ್ಗೆ ಮತ್ತು ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿ ಜಗತ್ತಿನ ಅತ್ಯುನ್ನತ ಶಿಖರದ ಮೇಲೆ ನಿಂತರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದು ತೇನ್‌ಸಿಂಗ್ ಅವರ ಏಳನೆಯ ಯತ್ನವೆಂಬುದನ್ನು ಬಲ್ಲವರು ಕಡಿಮೆ. ಬಡ ಶೆರ್ಪಾ ಕುಟುಂಬದಲ್ಲಿ ಬೆಳೆದು, ಶಾಲೆಯ ಮುಖ ಕಾಣದೆ, ಕೆಲಸವನ್ನರಸಿ ಡಾರ್ಜಿಲಿಂಗಿಗೆ ಬಂದ ಆ ತರುಣರು 1935ರಲ್ಲಿ ಮೊದಲ ಬಾರಿಗೆ ಎವರೆಸ್ಟಿನತ್ತ ಹೋದದ್ದು ಹೊರೆ ಹೊರುವ ಆಳಾಗಿ. ಮುಂದೆ 1936 ಮತ್ತು 1938ರ ತಂಡಗಳೊಡನೆಯೂ ಹೋದರು. 1947ರಲ್ಲಿ ಅರ್ಲ್ ಡೆನ್‌ಮನ್ ಎಂಬಾತ ಅನುಮತಿಯಿಲ್ಲದೆ, ಸಾಕಷ್ಟು ಸಲಕರಣೆಗಳಿಲ್ಲದೆ ಟಿಬೆಟಿನೊಳಗೆ ನುಸುಳಿ ಶಿಖರವನ್ನು ಏರಹೊರಟಾಗ ಅವನ ಜೊತೆಗೂ ನಡೆದರು. ಚಳಿಗಾಳಿಗೆ ತತ್ತರಿಸಿ ಆ ಪುಟ್ಟ ತಂಡವು ಹಿಂದಿರುಗಬೇಕಾಯಿತು. ಆ ಯಾತ್ರೆಯಲ್ಲಿ ಎದೆಗಾರಿಕೆಗೆ ಕೊರತೆಯಿರಲಿಲ್ಲ; ಇಲ್ಲದಿದ್ದುದು ಸಿದ್ಧತೆ ಮಾತ್ರ.

1952ರ ವಸಂತದಲ್ಲಿ ಸ್ವಿಸ್ ತಂಡದೊಡನೆ ನಡೆದ ಐದನೆಯ ಯತ್ನ ಇನ್ನೂ ಮನನೀಯವಾದುದು. ತೇನ್‌ಸಿಂಗ್ ಮತ್ತು ರೇಮಂಡ್ ಲ್ಯಾಂಬರ್ಟ್ ಇಬ್ಬರೂ ಅತ್ಯುನ್ನತ ಶಿಬಿರದ ಗುಡಾರದಲ್ಲಿ ಮಲಗುಚೀಲಗಳಿಲ್ಲದೆ, ಒಲೆಯಿಲ್ಲದೆ, ಮೇಣದ ಬತ್ತಿಯ ಉರಿಯಲ್ಲಿ ಹಿಮವನ್ನು ಕರಗಿಸಿ ಗುಟುಕು ನೀರು ಕುಡಿದು ಇರುಳು ಕಳೆದರು. ಮರುದಿನ ಸುಮಾರು 8,600 ಮೀಟರ್ ಎತ್ತರದವರೆಗೆ ತೆವಳುತ್ತ ಏರಿದರು. ಅಲ್ಲಿಯವರೆಗೆ ಯಾರೂ ಎವರೆಸ್ಟಿನಲ್ಲಿ ಅಷ್ಟು ಎತ್ತರವನ್ನು ಮುಟ್ಟಿದ ಖಚಿತ ದಾಖಲೆಯಿರಲಿಲ್ಲ. ಶಿಖರಕ್ಕೆ ಉಳಿದಿದ್ದುದು ಸುಮಾರು 250 ಮೀಟರ್ ಮಾತ್ರ. ಆದರೆ ಮುಂದುವರಿದರೆ ಮರಳಿ ಬರುವ ಶಕ್ತಿ ಉಳಿಯದೆಂದು ಅರಿತು ಅವರಿಬ್ಬರೂ ಹಿಂದಿರುಗಿದರು. ಕಣ್ಣೆದುರಿಗಿರುವ ಗುರಿಗೆ ಬೆನ್ನು ತಿರುಗಿಸುವುದಕ್ಕೂ ಧೈರ್ಯ ಬೇಕು. ಅವರು ಅಂದು ಹಿಂದಿರುಗಿದ್ದರಿಂದಲೇ ತೇನ್‌ಸಿಂಗ್ ಮರುವರ್ಷ ಮತ್ತೆ ಏರುವುದು ಸಾಧ್ಯವಾಯಿತು.

1953ರ ತಂಡದ ಹಿಂದೆ ಹೊರೆ ಹೊತ್ತ ಮುನ್ನೂರೈವತ್ತಕ್ಕೂ ಹೆಚ್ಚು ಜನರ ದುಡಿಮೆಯಿತ್ತು. ಆ ಯಾತ್ರೆಯ ಆರಂಭದಲ್ಲಿಯೇ ಹಿಲರಿ ಹಿಮದ ಬಿರುಕೊಂದರಲ್ಲಿ ಜಾರಿಬಿದ್ದಾಗ ತೇನ್‌ಸಿಂಗ್ ತಮ್ಮ ಹಿಮಗೊಡಲಿಯನ್ನು ನೆಲಕ್ಕೆ ಊರಿ, ಇಬ್ಬರನ್ನೂ ಬಂಧಿಸಿದ್ದ ಹಗ್ಗವನ್ನು ಬಿಗಿಹಿಡಿದು ಅವರನ್ನು ಉಳಿಸಿದರು. ಮೇ 26ರಂದು ಮೊದಲ ಜೋಡಿಯಾಗಿ ಹೊರಟ ಬೋರ್ಡಿಲನ್ ಮತ್ತು ಇವಾನ್ಸ್ ಶಿಖರಕ್ಕೆ ನೂರು ಮೀಟರಿನಷ್ಟು ಸಮೀಪಕ್ಕೆ ಹೋಗಿಯೂ, ಆಮ್ಲಜನಕದ ಉಪಕರಣ ಕೈಕೊಟ್ಟಿದ್ದರಿಂದಲೂ ಹೊತ್ತು ಮೀರಿದ್ದರಿಂದಲೂ ಮರಳಿದರು. ಮೂರು ದಿನಗಳ ಅನಂತರ ತೇನ್‌ಸಿಂಗ್ ಶಿಖರದ ಮೇಲೆ ನಿಂತಾಗ ಅವರ ಕೊರಳಿನಲ್ಲಿ ಲ್ಯಾಂಬರ್ಟ್ ಕೊಟ್ಟಿದ್ದ ಕೆಂಪು ವಸ್ತ್ರವಿತ್ತು. ಹಿಂದಿರುಗಿದವರ ಪಾಲೂ ಆ ಗೆಲುವಿನಲ್ಲಿತ್ತೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಾಹಸವೆಂದರೆ ಭಯವನ್ನೇ ಅರಿಯದ ಸ್ಥಿತಿಯಲ್ಲ. ಭಯವನ್ನು ಬಲ್ಲವನು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡು ಮುಂದಡಿಯಿಡುವುದೇ ಸಾಹಸ. ಹಗ್ಗವಿರಬೇಕು, ಹಗ್ಗ ಹಿಡಿಯುವ ಕೈಯಿರಬೇಕು, ಹಿಂದಿರುಗುವ ಹೊತ್ತನ್ನು ಅರಿಯುವ ವಿವೇಕವಿರಬೇಕು. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುತ್ತಿದ್ದ ರೀತಿಯೂ ಇದೇ ಅಲ್ಲವೇ? ಸೊಂಟಕ್ಕೆ ಹಗ್ಗ, ಬೆನ್ನಿಗೆ ಒಣಗಿದ ಸೋರೆಬುರುಡೆ, ಪಕ್ಕದಲ್ಲಿ ಈಜು ಬಲ್ಲ ಹಿರಿಯರು. ದಿನಗಳೆದಂತೆ ಬುರುಡೆ ಹೋಗುತ್ತಿತ್ತು, ಹಗ್ಗ ಸಡಿಲವಾಗುತ್ತಿತ್ತು, ಕಡೆಗೊಂದು ದಿನ ಮಗು ತಾನೇ ಈಜುತ್ತಿತ್ತು. ಆ ಹಿರಿಯರು ಮಗುವನ್ನು ನೀರಿಗೆ ತಳ್ಳಿ ಹೋಗಲಿಲ್ಲ. ನೀರಿನ ಹತ್ತಿರ ಸುಳಿಯಬೇಡವೆಂದು ಕಟ್ಟಿಹಾಕಲೂ ಇಲ್ಲ. ತಾಯಿತಂದೆಗಳ ಕರ್ತವ್ಯವೂ ಅಷ್ಟೇ: ಹಗ್ಗ ಹಿಡಿಯುವುದು, ಕಾಲ ಬಂದಾಗ ಅದನ್ನು ಬಿಡುವುದು.

ಈ ಹಗ್ಗವನ್ನು ಗಂಡುಮಕ್ಕಳಿಗೆ ಸಡಿಲಿಸುವ ಮನೆಗಳು ಹೆಣ್ಣುಮಕ್ಕಳಿಗೆ ಬಿಗಿಗೊಳಿಸುವುದುಂಟು. ಅಂಥವರು ಬಚೇಂದ್ರಿ ಪಾಲ್ ಅವರ ಜೀವನವನ್ನು ನೆನೆಯಬೇಕು. ಉತ್ತರಕಾಶಿ ಪ್ರಾಂತದ ನಕುರಿ ಗ್ರಾಮದ ಸಾಧಾರಣ ಕುಟುಂಬದ ಈ ಹೆಣ್ಣುಮಗಳು ಎಂ.ಎ., ಬಿ.ಎಡ್. ಪದವಿಗಳನ್ನು ಪಡೆದಾಗ, ಶಾಲೆಯಲ್ಲಿ ಉಪಾಧ್ಯಾಯಿನಿಯಾಗಲಿ ಎಂಬುದೇ ಮನೆಯವರ ಅಪೇಕ್ಷೆಯಾಗಿತ್ತು. ಅವರಾದರೋ ಪರ್ವತಾರೋಹಣದ ಶಿಕ್ಷಣವನ್ನು ಆರಿಸಿಕೊಂಡರು. 1984ರ ಮೇ ತಿಂಗಳ ಒಂದು ರಾತ್ರಿ ಅವರ ತಂಡದ ಶಿಬಿರದ ಮೇಲೆ ಹಿಮರಾಶಿ ಕುಸಿದುಬಿದ್ದಿತು. ಹಲವರು ಗಾಯಗೊಂಡು ಕೆಳಗಿಳಿದರು. ತಲೆಗೆ ಪೆಟ್ಟು ಬಿದ್ದಿದ್ದರೂ ಬಚೇಂದ್ರಿ ಯತ್ನವನ್ನು ಬಿಡಲಿಲ್ಲ. ಮೇ 23ರಂದು, ತಮ್ಮ ಮೂವತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆಯಾದರು.

ಈ ಇಬ್ಬರೂ ತಾವು ಏರಿದ ಎತ್ತರವನ್ನು ತಮಗಾಗಿ ಮಾತ್ರ ಇಟ್ಟುಕೊಳ್ಳಲಿಲ್ಲ ಎಂಬುದು ಇನ್ನೊಂದು ಹಿರಿಮೆ. 1954ರಲ್ಲಿ ಡಾರ್ಜಿಲಿಂಗಿನಲ್ಲಿ ಆರಂಭವಾದ ಹಿಮಾಲಯ ಪರ್ವತಾರೋಹಣ ಸಂಸ್ಥೆಯಲ್ಲಿ ತೇನ್‌ಸಿಂಗ್ ಅನೇಕ ವರ್ಷ ತರುಣರಿಗೆ ಶಿಕ್ಷಣವಿತ್ತರು. ಬಚೇಂದ್ರಿ ಪಾಲ್ 1993ರಲ್ಲಿ ಭಾರತ ಮತ್ತು ನೇಪಾಳದ ಮಹಿಳೆಯರ ತಂಡವನ್ನು ಎವರೆಸ್ಟಿಗೆ ಮುನ್ನಡೆಸಿದರು. ತನ್ನ ಧೈರ್ಯದಿಂದ ಇನ್ನೊಬ್ಬರ ಧೈರ್ಯವನ್ನು ಬೆಳೆಸುವುದರಲ್ಲಿಯೇ ಸಾಹಸದ ಸಾರ್ಥಕತೆಯಿದೆ.

ಎಲ್ಲರೂ ಹಿಮಾಲಯವನ್ನು ಏರಬೇಕಾಗಿಲ್ಲ. ಮನೆಯಿಂದ ದೂರದ ಊರಿನ ವಸತಿಗೃಹದಲ್ಲಿದ್ದು ಓದಲು ಹೊರಟ ಮಗಳಿಗೆ ಆ ಮೊದಲ ರಾತ್ರಿಯೇ ಒಂದು ಶಿಖರ. ತಲೆಮಾರುಗಳಿಂದ ಬಂದ ಬೆಳೆಯನ್ನು ಬಿಟ್ಟು ಅರ್ಧ ಎಕರೆಯಲ್ಲಿ ಹೊಸತೊಂದನ್ನು ಬೆಳೆದು ನೋಡುವ ರೈತನದೂ ಸಾಹಸವೇ. ಪೂರ್ತಿ ಹೊಲವನ್ನಲ್ಲದೆ ಅರ್ಧ ಎಕರೆಯನ್ನಷ್ಟೇ ಪಣಕ್ಕೊಡ್ಡಿದ್ದು ಅವನ ವಿವೇಕ. ಸಭೆಯಲ್ಲಿ ಎಲ್ಲರೂ ಮೌನವಾಗಿರುವಾಗ ನ್ಯಾಯದ ಮಾತನ್ನಾಡುವ ಗೃಹಿಣಿಯ ಧೈರ್ಯ ಇವೆಲ್ಲಕ್ಕಿಂತ ಕಿರಿದಲ್ಲ.

ಮುಂಬರುವ ರಜೆಯ ದಿನಗಳಲ್ಲಿ ಓದುಗ ಬಂಧುಗಳು ಒಂದು ಕಾರ್ಯವನ್ನು ಮಾಡಿ ನೋಡಬೇಕು. ಮಕ್ಕಳನ್ನು ದೂರದರ್ಶನದ ಮುಂದೆಯೂ ಮೊಬೈಲಿನ ಮುಂದೆಯೂ ಕೂಡಿಸದೆ, ಬಲ್ಲವರ ಜೊತೆಗೆ ಒಂದು ಬೆಟ್ಟ ಹತ್ತಿಸಿರಿ, ಈಜು ಕಲಿಸಿರಿ. ನಮ್ಮ ನಾಡಿನ ಬಾದಾಮಿಯ ಕೆಂಬಂಡೆಗಳನ್ನು ಏರಲು ದೂರದೂರದಿಂದ ಜನ ಬರುತ್ತಾರೆ; ನಮ್ಮ ಮಕ್ಕಳು ಅವುಗಳನ್ನು ಚಿತ್ರದಲ್ಲಿ ಮಾತ್ರ ನೋಡಬೇಕೇ? ಹತ್ತಿರದ ಊರಿಗೆ ಒಂಟಿಯಾಗಿ ಬಸ್ಸಿನಲ್ಲಿ ಹೋಗಿ ಅಜ್ಜಿಯನ್ನು ಕಂಡುಬರುವ ಕೆಲಸವನ್ನು ಪ್ರಾಯಕ್ಕೆ ಬಂದ ಮಗಳಿಗೂ ಒಪ್ಪಿಸಿರಿ. ಮೊಣಕಾಲು ತರಚೀತು, ಬಸ್ಸು ತಪ್ಪೀತು. ತರಚಿದ ಗಾಯ ವಾರದಲ್ಲಿ ಮಾಯುತ್ತದೆ. ‘ನನ್ನಿಂದ ಆಗದು’ ಎಂದು ಎಳೆವೆಯಲ್ಲಿ ಮನಸ್ಸಿಗೆ ಕುಳಿತ ಅಳುಕು ಮಾತ್ರ ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ.