ಕೀಲಿ ಕೊಟ್ಟವರು ಯಾರು?

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಶೆ ಕಾರೊಂದು ಬೈಕಿಗೆ ಬಡಿದು ಮಧ್ಯಪ್ರದೇಶದ ಇಬ್ಬರು ಯುವ ಇಂಜಿನಿಯರರು ಅಸುನೀಗಿದರು. ಒಬ್ಬ ಯುವಕ, ಒಬ್ಬಳು ಯುವತಿ. ಇಬ್ಬರಿಗೂ 24ರ ಹರೆಯ. ಕಾರು ಚಲಾಯಿಸುತ್ತಿದ್ದನೆಂದು ಪೊಲೀಸರು ಹೇಳುವ ಹುಡುಗನಿಗೆ 17. ಅದಕ್ಕೂ ಮುನ್ನ ಆತ ಗೆಳೆಯರೊಂದಿಗೆ ಕಳೆದಿದ್ದ ಒಂದು ಪಬ್ಬಿನ ಬಿಲ್ಲೇ 48 ಸಾವಿರ ರೂಪಾಯಿ ಎಂದು ಪೊಲೀಸರು ತಿಳಿಸಿದ್ದರು. ಕಡು ಮದ್ಯಕ್ಕೆ 25 ವರ್ಷ ತುಂಬಿರಬೇಕೆಂಬ ಕಾನೂನಿರುವ ರಾಜ್ಯವದು. ಕೋಟಿ ಬೆಲೆಯ ಆ ಕಾರಿನ ನೋಂದಣಿಯೂ ಆಗಿರಲಿಲ್ಲ. 1,758 ರೂಪಾಯಿಯ ಶುಲ್ಕ ಬಾಕಿಯಿತ್ತು!

ಹುಡುಗನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು. ಅಪಘಾತಗಳ ಕುರಿತು 300 ಪದಗಳ ಪ್ರಬಂಧ ಬರೆಯಬೇಕೆಂಬ ಶರತ್ತು ಕೇಳಿ ದೇಶವೇ ದಂಗಾಯಿತು. ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಆ ಪ್ರಬಂಧವಲ್ಲ, ಆನಂತರದ ಬೆಳವಣಿಗೆಗಳು. ತಪ್ಪನ್ನು ತಲೆಮೇಲೆ ಹೊತ್ತುಕೊಳ್ಳುವಂತೆ ಮನೆಯ ಚಾಲಕನನ್ನು ಕೂಡಿಹಾಕಿದ ಆರೋಪದಲ್ಲಿ ಅಜ್ಜನ ಬಂಧನವಾಯಿತು. ರಕ್ತದ ಮಾದರಿಯನ್ನು ಬದಲಿಸಿದ ಆರೋಪದಲ್ಲಿ ಸರಕಾರಿ ಆಸ್ಪತ್ರೆಯ ವೈದ್ಯರು ಸೆರೆಯಾದರು. ಹುಡುಗನ ರಕ್ತದ ಜಾಗದಲ್ಲಿ ಇಟ್ಟದ್ದು ತಾಯಿಯ ರಕ್ತವನ್ನು ಎಂದರು ಪೊಲೀಸರು. ಇವೆಲ್ಲ ನ್ಯಾಯಾಲಯದಲ್ಲಿ ಸಾಬೀತಾಗಬೇಕಾದ ಮಾತುಗಳು, ನಿಜ. ಆದರೆ ಇವು ಸತ್ಯವೇ ಆಗಿದ್ದಲ್ಲಿ, ಆ ಹುಡುಗ ಮುಗ್ಧತೆಯನ್ನು ಕಳೆದುಕೊಂಡದ್ದು ಪಬ್ಬಿನಲ್ಲಲ್ಲ. ಹಣ ಮತ್ತು ಪ್ರಭಾವದಿಂದ ಎರಡು ಹೆಣಗಳನ್ನೂ ಮರೆಸಬಹುದೆಂದು ಮನೆಯ ಹಿರಿಯರೇ ತೋರಿಸಿಕೊಟ್ಟ ಗಳಿಗೆಯಲ್ಲಿ. ಆತನನ್ನು ವಯಸ್ಕನಂತೆ ವಿಚಾರಣೆಗೊಳಪಡಿಸಬೇಕೆಂಬ ಪೊಲೀಸರ ಕೋರಿಕೆಯನ್ನು ಬಾಲನ್ಯಾಯ ಮಂಡಳಿ 2025ರ ಜುಲೈಯಲ್ಲಿ ತಳ್ಳಿಹಾಕಿತು. ಅಪ್ರಾಪ್ತ ಅಪ್ರಾಪ್ತನೇ, ಅದರ ಬಗ್ಗೆ ನಮಗೆ ತಕರಾರಿಲ್ಲ. ಪ್ರಶ್ನೆಯಿರುವುದು ಪ್ರಾಪ್ತರ ಕುರಿತು.

ಇದು ಶ್ರೀಮಂತರ ಮನೆಯ ಕಾಯಿಲೆ, ನಮಗೇನು ಎಂದು ಸುಮ್ಮನಾಗುವಂತಿಲ್ಲ. ನಮ್ಮ ಪಟ್ಟಣಗಳ ಟ್ಯೂಷನ್ ಕೇಂದ್ರಗಳ ಮುಂದೆ ಸಂಜೆ ನಿಲ್ಲುವ ಸ್ಕೂಟರುಗಳನ್ನೊಮ್ಮೆ ನೋಡಿ. ಮಗ ಹತ್ತನೇ ತರಗತಿಗೆ ಬರುವ ಮುನ್ನವೇ ಕೀಲಿ ಅವನ ಕೈಯಲ್ಲಿರುತ್ತದೆ. ‘ಹುಷಾರಾಗಿ ಓಡಿಸುತ್ತಾನೆ’ ಎಂದು ತಂದೆ ಹೆಮ್ಮೆಯಿಂದಲೇ ಹೇಳುತ್ತಾನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 199ಎ ಸೆಕ್ಷನ್ ಈ ತಂದೆಗೇ ಅನ್ವಯಿಸುತ್ತದೆ: ಮೂರು ವರ್ಷಗಳವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಇನ್ನೊಂದು ಮಾತನ್ನು ಹೇಳಲು ನಮಗೆ ಸಂಕೋಚವಿದೆ. ಆದರೂ ಹೇಳಬೇಕು. ಶಬೇ ಬರಾತ್‌ನ ರಾತ್ರಿ ಬೆಂಗಳೂರಿನ ಮೇಲ್ಸೇತುವೆಗಳನ್ನು ಪೊಲೀಸರು ಮುಚ್ಚುವುದು ಇತ್ತೀಚಿನ ವರ್ಷಗಳಲ್ಲಿ ರೂಢಿಯೇ ಆಗಿಬಿಟ್ಟಿದೆ. ಯಾಕೆಂದರೆ, ಹಿರಿಯರು ಮಸೀದಿಯಲ್ಲಿ ಆರಾಧನೆಯಲ್ಲಿ ತೊಡಗಿರುವ ಹೊತ್ತಿನಲ್ಲಿ ಹುಡುಗರ ಗುಂಪುಗಳು ಒಂದೇ ಚಕ್ರದ ಮೇಲೆ ಬೈಕ್ ಓಡಿಸುತ್ತಾ ಬೀದಿಯಲ್ಲಿರುತ್ತವೆ. ಪೊಲೀಸರು ಸಮುದಾಯವನ್ನು ಸಂಶಯದಿಂದ ನೋಡುತ್ತಾರೆಂದು ದೂರುವ ನಾವು, ಆ ಒಂದು ರಾತ್ರಿ ನಮ್ಮ ಮಕ್ಕಳು ಎಲ್ಲಿದ್ದಾರೆಂದು ವಿಚಾರಿಸಿದ್ದೇವೆಯೇ?

ಕಲಿಯಲೆಂದು ಮಹಾನಗರಕ್ಕೆ ಕಳುಹಿಸಿದ ಮಕ್ಕಳ ವಿಷಯವೂ ಇದೇ. ಕಾಲೇಜಿನ ಶುಲ್ಕ ಎಷ್ಟೆಂದು ತಂದೆಗೆ ಬಾಯಿಪಾಠ. ಮಗನ ಕೋಣೆಯಲ್ಲಿ ಜೊತೆಗಿರುವವರ ಹೆಸರು ಗೊತ್ತಿರುವುದಿಲ್ಲ. ನಿಗಾ ಇಡಬೇಕೆಂದರೆ ದಿನಕ್ಕೆ ಹತ್ತು ಸಲ ಫೋನ್ ಮಾಡಿ ಗದರಿಸಬೇಕೆಂದಲ್ಲ. ಗದರಿಕೆಗೆ ಹೆದರುವ ಮಗ ಸುಳ್ಳು ಹೇಳಲು ಕಲಿಯುತ್ತಾನೆ, ಅಷ್ಟೇ. ತಪ್ಪು ಮಾಡಿದಾಗಲೂ ಮೊದಲು ತಂದೆಗೇ ಫೋನ್ ಮಾಡಬಹುದೆಂಬ ಧೈರ್ಯ ಅವನಿಗಿರಬೇಕು. ತಂದೆ ಆ ತಪ್ಪನ್ನು ಮುಚ್ಚಿಹಾಕಲಾರ ಎಂಬ ಅರಿವೂ ಇರಬೇಕು.

ಮುಂದಿನ ಶಬೇ ಬರಾತ್‌ಗೆ ಇನ್ನೂ ಸಮಯವಿದೆ. ಅದಕ್ಕೆ ಮೊದಲಿನ ಶುಕ್ರವಾರದ ಭಾಷಣಗಳಲ್ಲಿ ಈ ವಿಷಯ ಬರಲಿ. ಅಂದು ರಾತ್ರಿ ಪ್ರತೀ ಮೊಹಲ್ಲಾದ ಜಮಾಅತ್ ಸಮಿತಿಯ ನಾಲ್ಕು ಮಂದಿ ಹಿರಿಯರು ಬೀದಿಯ ತಿರುವಿನಲ್ಲಿ ನಿಲ್ಲಲಿ. ಬೈಕಿನ ಕೀಲಿಗಳು ಆ ಒಂದು ರಾತ್ರಿ ತಾಯಂದಿರ ಬಳಿ ಇರಲಿ.