ಶಾಲು ಹೊದಿಸಿದ ಮೇಲೆ



ಕಳೆದ ವರ್ಷ ಹಾವೇರಿಯಲ್ಲಿ ನಮ್ಮ ಸಮುದಾಯದ ಸಾಧಕ ಪದವೀಧರರಿಗೆ ಒಂದು ಸನ್ಮಾನ ಸಮಾರಂಭ ನಡೆಯಿತು. ಸನ್ಮಾನಿತರ ಪರಿಚಯ ಓದುವ ಕೆಲಸವನ್ನು ಹೊಸರಿತ್ತಿಯಿಂದ ಹೋಗಿದ್ದ ನನಗೆ ಒಪ್ಪಿಸಿದ್ದರು. ವೇದಿಕೆಯ ಮೇಲೆ ಆರು ಮಂದಿ ಇದ್ದರು. ವೈದ್ಯರು, ಇಂಜಿನಿಯರುಗಳು, ಒಬ್ಬ ವಕೀಲರು, ಒಬ್ಬ ಸರಕಾರಿ ಅಧಿಕಾರಿ. ಯಾರು ಎಲ್ಲಿ ಓದಿದರು, ಎಷ್ಟನೆಯ ರ‍್ಯಾಂಕ್ ಬಂದರು, ಈಗ ಯಾವ ಹುದ್ದೆಯಲ್ಲಿದ್ದಾರೆ ಎಂದು ನಾನು ಓದುತ್ತಾ ಹೋದೆ. ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಸಭೆ ಚಪ್ಪಾಳೆ ತಟ್ಟಿತು. ಫೋಟೋ ಆಯಿತು, ಊಟವೂ ಆಯಿತು.

ನಾನು ಚೀಲ ಹಿಡಿದು ಬಸ್ಸಿಗೆ ಹೊರಡುವಾಗ ಬ್ಯಾಡಗಿಯ ಒಬ್ಬ ತಾಯಿ ಬಾಗಿಲಲ್ಲಿ ನನ್ನನ್ನು ತಡೆದರು. ಆಕೆ ಸೀಜನ್ನಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವವರು. ಎಷ್ಟು ತೊಳೆದರೂ ಬೆರಳಿನ ಉರಿ ಹೋಗುವುದಿಲ್ಲ ಎಂದು ಮಾತಿನ ನಡುವೆ ಹೇಳಿದರು.

“ಆಪಾ, ಮಗಳು ಪಿಯುಸಿ ಸೈನ್ಸ್ ಓದಾಕ ಹತ್ಯಾಳ. ಮುಂದ ಏನು ಓದಿಸಬೇಕು ಅಂತ ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ರೀ. ಮ್ಯಾಲೆ ಕುಂತಿದ್ರಲ್ಲ, ಅವರೊಳಗ ಒಬ್ಬರ ಫೋನ್ ನಂಬರ್ ಕೊಡಸ್ತೀರೇನ್ರೀ?”

ನಾನು ತಿರುಗಿ ನೋಡಿದೆ. ವೇದಿಕೆ ಖಾಲಿಯಾಗಿತ್ತು. ಸನ್ಮಾನಿತರೆಲ್ಲ ಆಗಲೇ ಹೊರಟುಹೋಗಿದ್ದರು. ಆರೂ ಮಂದಿಯ ಹುದ್ದೆಯನ್ನು ಊರಿಗೆಲ್ಲ ಕೇಳಿಸುವಂತೆ ಓದಿದ ನನ್ನ ಬಳಿ ಒಬ್ಬರ ನಂಬರೂ ಇರಲಿಲ್ಲ. ನಾಚಿಕೆಯಿಂದ ಆ ತಾಯಿಯ ನಂಬರನ್ನೇ ಬರೆದುಕೊಂಡು ಬಂದೆ. ಅಂದಿನಿಂದ ಈ ವಿಷಯ ನನ್ನ ಮನಸ್ಸಿನಲ್ಲಿ ಕುಳಿತಿದೆ.

ಸನ್ಮಾನವೇ ಬೇಡ ಎಂದು ನಾನು ಹೇಳುತ್ತಿಲ್ಲ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ಪಾಠ. ಅಲ್ಲದೆ ನಮ್ಮಲ್ಲಿ ಪದವೀಧರರು ಬಹಳ ಇದ್ದಾರೆಂದೇನೂ ಇಲ್ಲ. ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿ 2001ರ ಜನಗಣತಿಯನ್ನು ಆಧರಿಸಿ ಒಂದು ಲೆಕ್ಕ ಹೇಳಿತ್ತು. ದೇಶದಲ್ಲಿ 20 ವರ್ಷ ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7. ಮುಸ್ಲಿಮರಲ್ಲಿ ಅದು ಶೇ. 4ಕ್ಕಿಂತಲೂ ಕಡಿಮೆ. ಇಂತಹ ಸ್ಥಿತಿಯಿಂದ ಮೇಲೆದ್ದು ಬಂದ ಮಕ್ಕಳನ್ನು ನಾವು ಗೌರವಿಸದಿದ್ದರೆ ಇನ್ನಾರು ಗೌರವಿಸಬೇಕು? 2022ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ರಾಯಚೂರಿನ ಬುಶ್ರಾ ಮತೀನ್ ಸಿವಿಲ್ ಇಂಜಿನಿಯರಿಂಗ್‌ನಲ್ಲಿ 16 ಚಿನ್ನದ ಪದಕ ಪಡೆದಾಗ, ಆ ಸುದ್ದಿಯ ಪತ್ರಿಕೆಯನ್ನು ನಾನೇ ತರಗತಿಗೆ ಒಯ್ದು ತೋರಿಸಿದ್ದೆ. ಹಿಂದಿನ ಬೆಂಚಿನ ಹುಡುಗಿಯರು ಕೂಡ ಎದ್ದು ಬಂದು ನೋಡಿದರು. ಇಂತಹ ಒಂದು ಚಿತ್ರ ಮಾಡುವ ಕೆಲಸವನ್ನು ನನ್ನ ಹತ್ತು ಉಪದೇಶಗಳು ಮಾಡಲಾರವು.

ಆದರೆ ನಾವು ಯಾವುದನ್ನು ಗೌರವಿಸುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಪದವಿಯನ್ನೋ, ಸಂಬಳವನ್ನೋ, ಅಥವಾ ಆ ಪದವಿಯಿಂದ ನಾಲ್ಕು ಜನರಿಗೆ ಆದ ಉಪಕಾರವನ್ನೋ?

ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಅವರು ಶಸ್ತ್ರಚಿಕಿತ್ಸಕರು. ತಮ್ಮ ಚಾಕರಿ, ತಮ್ಮ ಸಂಪಾದನೆ ಎಂದು ಇದ್ದುಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ 1966ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಶಾಲೆಗಳು, ಪದವಿ ಕಾಲೇಜು, ಫಾರ್ಮಸಿ ಕಾಲೇಜು, ಕಾನೂನು ಕಾಲೇಜು ಒಂದೊಂದಾಗಿ ಬಂದವು. ನಮ್ಮ ಉತ್ತರ ಕರ್ನಾಟಕದ ವಿಜಯಪುರದಲ್ಲಿ ಅಲ್-ಅಮೀನ್ ಹೆಸರಿನ ವೈದ್ಯಕೀಯ ಕಾಲೇಜೂ ಆಯಿತು. ರಾಜ್ಯ ಸರಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟು ಗೌರವಿಸಿತು. 2021ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಜನ ಸ್ಮರಿಸಿದ್ದು ಅವರ ವೈದ್ಯ ಪದವಿಯನ್ನಲ್ಲ, ಆ ಶಾಲೆಗಳಲ್ಲಿ ಓದಿ ಹೊರಬಂದ ಮಕ್ಕಳನ್ನು.

ನಮ್ಮ ಜಿಲ್ಲೆಯದೇ ಮಾತು ಹೇಳುವುದಾದರೆ, ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ ಇದ್ದಾರೆ. ಹೆಣ್ಣುಮಕ್ಕಳು ಇಂಜಿನಿಯರಿಂಗ್ ಕಡೆ ತಲೆ ಹಾಕದ ಕಾಲದಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ಅವರಿಗೆ 2006ರಲ್ಲಿ ಪದ್ಮಶ್ರೀ, 2023ರಲ್ಲಿ ಪದ್ಮಭೂಷಣ ಬಂದದ್ದು ಇಂಜಿನಿಯರಿಂಗ್ ಪದವಿಗಾಗಿ ಅಲ್ಲ, ಸಮಾಜ ಸೇವೆಗಾಗಿ.

ಇನ್ನು ಪದವಿಯೇ ಇಲ್ಲದವರ ಕತೆ. ದಕ್ಷಿಣ ಕನ್ನಡದ ಹರೇಕಳ ಹಾಜಬ್ಬ ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದರು. ಒಮ್ಮೆ ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ನಿಂತುಬಿಟ್ಟರು. ಈ ಅವಮಾನ ನನ್ನೂರ ಮಕ್ಕಳಿಗೆ ಆಗಬಾರದು ಎಂದು ಹಣ್ಣು ಮಾರಿದ ದುಡ್ಡು ಉಳಿಸಿ, ಕಂಡಕಂಡವರನ್ನು ಕೇಳಿ, ನ್ಯೂಪಡ್ಪುವಿನಲ್ಲಿ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಓದು ಬಾರದ ಹಾಜಬ್ಬರು ಒಂದು ಶಾಲೆ ಕೊಡಬಹುದಾದರೆ, ಓದಿದ ನಾವು ವಾರಕ್ಕೆ ಒಂದು ಗಂಟೆ ಕೊಡಲಾರೆವೇ?

ನಾನು ಮದ್ರಸದಲ್ಲಿ ಓದುತ್ತಿದ್ದಾಗ ಉಸ್ತಾದರು ಬದ್ರ್ ಯುದ್ಧದ ಕೈದಿಗಳ ವಿಷಯ ಹೇಳಿದ್ದರು. ಬಿಡುಗಡೆಗೆ ಹಣ ಕೊಡಲಾಗದ, ಆದರೆ ಓದು ಬರಹ ಬಲ್ಲ ಕೈದಿಗಳಿಗೆ ಪ್ರವಾದಿವರ್ಯರು(ಸ) ಗೊತ್ತುಮಾಡಿದ್ದು ಒಂದೇ ಶರತ್ತು. ಮದೀನದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಬೇಕು, ಆಮೇಲೆ ಹೋಗಬಹುದು. ಎದುರು ನಿಂತು ಯುದ್ಧ ಮಾಡಿದ ಶತ್ರುವಿನ ವಿದ್ಯೆಗೂ ಅಲ್ಲಿ ಅಷ್ಟು ಬೆಲೆ ಇತ್ತು. ಚಿಕ್ಕವಳಾಗಿದ್ದಾಗ ಅದನ್ನು ಕತೆಯಂತೆ ಕೇಳಿದ್ದೆ. ಈಗ ಅನಿಸುತ್ತದೆ, ಓದಿದವನ ತಲೆಯ ಮೇಲೆ ಹತ್ತು ಮಕ್ಕಳ ಋಣ ಇದ್ದೇ ಇರುತ್ತದೆ. ಶತ್ರುವಿಗೇ ಇದ್ದ ಋಣ ನಮ್ಮ ಮಕ್ಕಳಿಗೆ ಇಲ್ಲವೇ?

ನನ್ನ ಋಣದ ಮಾತನ್ನೂ ಹೇಳಬೇಕು. ಮದ್ರಸದ ಓದು ಮುಗಿಸಿ ಮದುವೆಯಾದ ಮೇಲೆ ನಾನು ಬಿ.ಎ. ಪರೀಕ್ಷೆಗೆ ಕಟ್ಟಿದೆ. ಇಂಗ್ಲಿಷ್ ಎಂದರೆ ಕೈಕಾಲು ನಡುಗುತ್ತಿತ್ತು. ನಮ್ಮ ಓಣಿಯಲ್ಲಿ ಪದವಿ ಓದಿದ ಒಬ್ಬ ಲಿಂಗಾಯತ ಅಕ್ಕ ಇದ್ದರು. ಎಂದೂ ನೌಕರಿಗೆ ಹೋದವರಲ್ಲ. ಮಧ್ಯಾಹ್ನ ರೊಟ್ಟಿ ಬಡಿದು ಮುಗಿಸಿ, ಕೈತುಂಬ ಹಿಟ್ಟಿರುವಾಗಲೇ ನನ್ನನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಪಾಠ ಓದಿಸುತ್ತಿದ್ದರು. ಆರು ತಿಂಗಳು ಹೀಗೆ ನಡೆಯಿತು. ದುಡ್ಡು ಕೊಡಲು ಹೋದರೆ, “ಹುಚ್ಚಿ, ನಾ ಓದಿದ್ದು ಹಿಂಗಾದರೂ ಉಪಯೋಗ ಆಗಲೇಳು” ಎಂದು ಬೈದರು. ಇಂದು ನಾನು ಶಾಲೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿರುವುದರಲ್ಲಿ ಅವರ ಪಾಲಿದೆ. ಅವರನ್ನು ಯಾವ ವೇದಿಕೆಗೂ ಯಾರೂ ಕರೆದಿಲ್ಲ.

ಆದ್ದರಿಂದಲೇ ಈ ಮಾತನ್ನು ಮುಖ್ಯವಾಗಿ ನಿಮಗೆ ಹೇಳುತ್ತಿದ್ದೇನೆ. ನಿಮ್ಮಲ್ಲಿ ಎಷ್ಟೋ ಮಂದಿಯ ಪದವಿ ಪ್ರಮಾಣಪತ್ರ ಟ್ರಂಕಿನಲ್ಲಿ ಸೀರೆಯ ಕೆಳಗೆ ಮಡಚಿ ಕುಳಿತಿದೆ. ನೌಕರಿ ಇಲ್ಲವಲ್ಲ, ಓದಿದ್ದು ವ್ಯರ್ಥವಾಯಿತು ಎಂದು ಕೊರಗಬೇಡಿ. ನೆರೆಯ ಮನೆಯ ಮಗುವಿಗೆ ಗಣಿತ ಹೇಳಿಕೊಡಿ. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಬಾರದ ತಾಯಿಯ ಜೊತೆ ಕುಳಿತುಕೊಳ್ಳಿ. ಸಿಇಟಿ ಮೂಲಕ ವೃತ್ತಿ ಶಿಕ್ಷಣಕ್ಕೆ ಹೋಗುವ ನಮ್ಮ ಮಕ್ಕಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆ ಇದೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಎಷ್ಟು ತಾಯಂದಿರಿಗೆ ಇದು ಗೊತ್ತು? ಗೊತ್ತಿರುವವರು ಬಾಯಿ ಬಿಟ್ಟು ಹೇಳಬೇಕು.

ಸಮಾರಂಭ ಏರ್ಪಡಿಸುವ ಸಹೋದರರಲ್ಲೂ ಒಂದು ವಿನಂತಿ. ಶಾಲು ಹೊದಿಸಿರಿ, ಆದರೆ ಊಟಕ್ಕೆ ಮೊದಲು ಒಂದು ಗಂಟೆ ಸನ್ಮಾನಿತರನ್ನು ಕೆಳಗಿಳಿಸಿ ಮಕ್ಕಳ ನಡುವೆ ಕೂರಿಸಿರಿ. ಹೆಣ್ಣುಮಕ್ಕಳ ಸಾಲಿಗೂ ಅವರು ಬರಲಿ. ಅವರ ಪರಿಚಯದಲ್ಲಿ ಹುದ್ದೆಯ ಜೊತೆಗೆ, ಈ ವರ್ಷ ಯಾವ ಮಕ್ಕಳ ಓದಿಗೆ ಜೊತೆಯಾಗುತ್ತಾರೆ ಎಂಬುದನ್ನೂ ಬರೆಯಿರಿ. ಸನ್ಮಾನಿತರ ತಾಯಿಯನ್ನು ಹಿಂದಿನ ಕುರ್ಚಿಯಲ್ಲಿ ಬಿಡಬೇಡಿ.

ಆ ಬ್ಯಾಡಗಿಯ ತಾಯಿಯ ಸಂಗತಿ ಹೇಳಿ ಮುಗಿಸುತ್ತೇನೆ. ಮೂರು ದಿನ ಅವರಿವರನ್ನು ಕೇಳಿ, ಸನ್ಮಾನಿತರಲ್ಲಿ ಒಬ್ಬ ಇಂಜಿನಿಯರ್ ಹುಡುಗಿಯ ನಂಬರ್ ಪಡೆದೆ. ಅಂಜುತ್ತಲೇ ವಿಷಯ ಹೇಳಿದೆ. “ಆಪಾ, ಅಂದೇ ಕೇಳಬಾರದಿತ್ತೇ? ನನ್ನನ್ನು ಯಾರೂ ಏನೂ ಕೇಳಲೇ ಇಲ್ಲ” ಎಂದಳು. ಆ ಭಾನುವಾರವೇ ಬ್ಯಾಡಗಿಯ ಹುಡುಗಿಯ ಜೊತೆ ಮುಕ್ಕಾಲು ಗಂಟೆ ಮಾತಾಡಿದಳು. ಈಗ ಪ್ರತಿ ಭಾನುವಾರ ಮಗ್ರಿಬ್ ನಮಾಝಿನ ನಂತರ ಫೋನ್ ಬರುತ್ತದಂತೆ.

ಹಾಗಾದರೆ ತಪ್ಪು ಸನ್ಮಾನ ಪಡೆದವರದ್ದಷ್ಟೇ ಅಲ್ಲ. ಕೇಳದೆ ಇದ್ದ ನಮ್ಮದೂ ಹೌದು. ನಿಮ್ಮ ಓಣಿಯಲ್ಲಿ ಓದಿದವರು ಯಾರಿದ್ದಾರೆ ನೋಡಿ, ಇಂದೇ ಹೋಗಿ ಕೇಳಿ. ಓದಿದವರು ನೀವೇ ಆಗಿದ್ದರೆ, ಯಾರಾದರೂ ಬಂದು ಕೇಳಲಿ ಎಂದು ಕಾಯಬೇಡಿ. ನಮ್ಮ ವಿದ್ಯೆಯನ್ನು ಪರರಿಗೆ ಉಪಯೋಗವಾಗುವ ವಿದ್ಯೆಯನ್ನಾಗಿ ಅಲ್ಲಾಹನು ಮಾಡಲಿ, ಆಮೀನ್.