ಲೈವ್‌ನಲ್ಲಿ ಸೀರೆ ಕೊಳ್ಳುವ ಮುನ್ನ



ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು ಕಾಲು ಚಾಚಿದಿರೋ ಇಲ್ಲವೋ, ಫೋನಿನಲ್ಲಿ ಸೀರೆಯ ಲೈವ್ ಶುರು! "ಅಕ್ಕಾ, ಒಂದೇ ಪೀಸ್ ಇರೋದು, ಬೇಗ ಸ್ಕ್ರೀನ್‌ಶಾಟ್ ಕಳ್ಸಿ" ಅಂತಾರೆ. ಕೆಳಗೆ ಯಾರ್‍ಯಾರೋ "ನನಗೆ, ನನಗೆ" ಎಂದು ಬರೆಯುತ್ತಿರುತ್ತಾರೆ. ನಮ್ಮ ಬೆರಳೂ ಸುಮ್ಮನಿರುವುದಿಲ್ಲ.

ಹೀಗೇಕಾಗುತ್ತೆ? ಅಂಗಡಿಯಲ್ಲಾದರೆ ಸೆರಗು ಮುಟ್ಟಿ ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ. "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಎದ್ದು ಬರಲೂಬಹುದು. ಲೈವ್‌ನಲ್ಲಿ ಆ ಪುರಸೊತ್ತೇ ಇಲ್ಲ. ಇನ್ನೊಬ್ಬರ ಪಾಲಾದೀತೆಂಬ ಆತಂಕದಲ್ಲಿ, ಬೇಕೋ ಬೇಡವೋ ಎಂಬುದೇ ಮರೆತುಹೋಗುತ್ತದೆ. ಮಾರುವವರು ನಮ್ಮ ಹೆಸರು ಹಿಡಿದು ಮಾತಾಡಿಸಿದರಂತೂ ಬೇಡ ಅನ್ನಲು ದಾಕ್ಷಿಣ್ಯ! ನೋಟು ಎಣಿಸಿ ಕೊಡುವಾಗ ಆಗುವ ಸಂಕಟವೂ ಫೋನಿನಲ್ಲಿ ಹಣ ಕಳಿಸುವಾಗ ಆಗುವುದಿಲ್ಲ.

ನಮ್ಮ ಬೀದಿಯ ಗೃಹಿಣಿಯೊಬ್ಬರು, ಮಗಳ ಕಾಲೇಜು ಫೀಸಿಗೆಂದು ಎತ್ತಿಟ್ಟಿದ್ದ ಚೀಟಿ ಹಣದಲ್ಲಿ ಒಂದೇ ತಿಂಗಳಿಗೆ ಏಳು ಸೀರೆ ತರಿಸಿದರು. ಒಂದಕ್ಕೆ 700 ರೂಪಾಯಿ, ಕೇಳಲು ಹೆಚ್ಚೇನಲ್ಲ. ಕೂಡಿಸಿದರೆ 4,900! ಫಾಲ್, ಜಿಗ್‌ಜಾಗ್, ರವಿಕೆ ಹೊಲಿಗೆ ಬೇರೆ. ಕೊನೆಗೆ ಕಿವಿಯ ಓಲೆ ಅಡವಿಟ್ಟು ಫೀಸು ಕಟ್ಟಿದರು. ಮನೆಯವರಿಗೆ ಇನ್ನೂ ಹೇಳಿಲ್ಲ. ಮೂರು ಸೀರೆ ಕವರಿನಿಂದ ಹೊರಗೇ ಬಂದಿಲ್ಲ.

ಹಾಗೆಂದು ಲೈವ್ ಮಾಡುವವರೆಲ್ಲ ಮೋಸಗಾರರಲ್ಲ. ಅವರಲ್ಲೂ ಎಷ್ಟೋ ಮಂದಿ ನಮ್ಮ ಹಾಗೆಯೇ ಸಂಸಾರ ತೂಗಿಸುವ ಹೆಂಗಸರು. ಎಚ್ಚರ ನಮ್ಮಲ್ಲಿರಬೇಕು, ಅಷ್ಟೆ. ಇದಕ್ಕೆ ಕೆಲವು ಕಿವಿಮಾತು:

1. ಲೈವ್ ನೋಡುವ ಮುಂಚೆ ಬೀರು ತೆರೆದು, ಯಾವ ಬಣ್ಣದ ಸೀರೆಗಳಿವೆ ನೋಡಿಕೊಳ್ಳಿ.

2. ತಿಂಗಳಿಗೆ ಇಷ್ಟೇ ಎಂದು ಲೆಕ್ಕದ ಪುಸ್ತಕದಲ್ಲಿ ಮೊದಲೇ ಬರೆದಿಡಿ. ಹೊಲಿಗೆ ಖರ್ಚೂ ಅದರಲ್ಲೇ ಸೇರಲಿ.

3. ಸ್ಕ್ರೀನ್‌ಶಾಟ್ ಬೇಕಾದರೆ ತೆಗೆಯಿರಿ, ಕಳಿಸುವುದು ಮಾತ್ರ ಮರುದಿನ. ಅಷ್ಟರಲ್ಲಿ ಮಾರಿಹೋದರೆ ಹೋಗಲಿ, ಅಂಥದೇ ಇನ್ನೊಂದು ಮುಂದೆ ಸಿಕ್ಕೀತು.

4. ಶುದ್ಧ ರೇಷ್ಮೆ ಎಂದರೆ ಸಿಲ್ಕ್ ಮಾರ್ಕ್ ಇದೆಯೇ ಎಂದು ಕೇಳಿ.

5. ವಾಪಸು ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಹಣ ಕಳಿಸುವ ಮೊದಲೇ ತಿಳಿದುಕೊಳ್ಳಿ. ಪಾರ್ಸೆಲ್ ಬಿಚ್ಚುವಾಗ ಮಕ್ಕಳ ಕೈಲಿ ವಿಡಿಯೋ ಮಾಡಿಸಿ.

ಇಲ್ಲದ ಅವಸರ ಹುಟ್ಟಿಸಿ ಮಾರಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮೋಸವಾದರೆ ಸುಮ್ಮನೆ ಕೊರಗಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳಿಕೊಳ್ಳಬಹುದು. ಹಣ ಕಳಿಸಿದ ರಸೀದಿ, ಸ್ಕ್ರೀನ್‌ಶಾಟ್ ಜೋಪಾನವಾಗಿರಲಿ.

ನೀವು ಮನಸ್ಸನ್ನು ಹೇಗೆ ಹಿಡಿದಿಡುತ್ತೀರಿ? ಬರೆದು ತಿಳಿಸಿ, ಉಳಿದ ಸೋದರಿಯರಿಗೂ ಉಪಯೋಗವಾಗಲಿ.